ಕತ್ತಿ ತಾಗಿಸಬಾರದೆಂಬ ಮಾತು

ಮೈಮೇಲಿನ ಗಂಟು, ಮಚ್ಚೆ, ನರೂಲಿಗಳ ವಿಷಯದಲ್ಲಿ ನಮ್ಮ ಅಂಕೋಲೆಯ ಹಿರಿಯರದು ಒಂದೇ ಮಾತು: ಕತ್ತಿ ತಾಗಿಸಬಾರದು, ತಾಗಿಸಿದರೆ ಕೆರಳಿ ಕ್ಯಾನ್ಸರ್ ಆಗುತ್ತದೆ. ಹಾಗೆಂದು ಸುಮ್ಮನಿರುವವರೂ ಅಲ್ಲ. ದಂಟಿರುವ ನರೂಲಿಗೆ ಕುದುರೆಯ ಬಾಲದ ಕೂದಲು ಬಿಗಿಯುತ್ತಾರೆ. ಕಾಲಿನ ಆಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುತ್ತಾರೆ. ಕೂದಲಿನ ಉಪಾಯದಲ್ಲಿ ತರ್ಕವಿದೆ, ರಕ್ತ ಹರಿಯದಿದ್ದರೆ ದಂಟು ಒಣಗುತ್ತದೆ. ಗೇರೆಣ್ಣೆ ಮಾತ್ರ ಆಣಿಯನ್ನೂ ಸುತ್ತಲಿನ ಒಳ್ಳೆಯ ಚರ್ಮವನ್ನೂ ಭೇದವಿಲ್ಲದೆ ಸುಡುತ್ತದೆ.

ಚರ್ಮದ ಪದರಗಳ ಚಿತ್ರವನ್ನು ನನ್ನಿಂದ ಎರಡೆರಡು ಸಲ ಬರೆಸಿಕೊಂಡ ಶಿಷ್ಯರು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು: ಆ ಚಿತ್ರದ ಪ್ರಯೋಜನ ನನಗೆ ತಿಳಿದದ್ದು ನಿವೃತ್ತಿಯ ನಂತರ. ನನ್ನ ಬೆನ್ನಿನ ಮೇಲೊಂದು ಗಂಟಿತ್ತು. ಹಿಂಡಿದರೆ ಬಿಳಿಯ ಮುದ್ದೆ ಹೊರಬರುತ್ತಿತ್ತು, ಎರಡು ತಿಂಗಳಲ್ಲಿ ಮತ್ತೆ ತುಂಬಿಕೊಳ್ಳುತ್ತಿತ್ತು. ಕಾರವಾರದ ವೈದ್ಯರು ಮರವಿನ ಸೂಜಿ ಚುಚ್ಚಿ, ಎಲೆಯಾಕಾರದಲ್ಲಿ ಸೀಳಿ, ಒಳಗಿನ ಚೀಲವನ್ನು ಒಡೆಯದಂತೆ ಇಡಿಯಾಗಿ ತೆಗೆದರು. ಚೀಲದ ಗೋಡೆಯೇ ಆ ಮುದ್ದೆಯನ್ನು ತಯಾರಿಸುವುದರಿಂದ ಅದರ ಚೂರು ಉಳಿದರೂ ಗಂಟು ಮರಳಬಹುದಂತೆ. ಅರ್ಧ ಗಂಟೆಯ ಕೆಲಸ. ಹನ್ನೆರಡನೆಯ ದಿನ ಹೊಲಿಗೆ ಬಿಚ್ಚಿಸಿಕೊಂಡು ಬಂದೆ.

ನನ್ನ ಧೈರ್ಯ ಕಂಡ ಮೇಲೆಯೇ ಅಣ್ಣ ತನ್ನ ಅಂಗಾಲು ತೋರಿಸಿದ್ದು. ಹಿಮ್ಮಡಿಯ ಹತ್ತಿರ ಕಪ್ಪು ಕಲೆ, ಹುಣಸೆಬೀಜದಷ್ಟು. ಒಂದು ಅಂಚು ಮಸುಕು, ಇನ್ನೊಂದು ಕಡುಕಪ್ಪು. ಗದ್ದೆಯಲ್ಲಿ ಮುಳ್ಳು ಚುಚ್ಚಿದ ಗುರುತೆಂದು ಅವನ ನಂಬಿಕೆ. ಮುಳ್ಳಿನ ಗುರುತು ವರ್ಷದಿಂದ ವರ್ಷಕ್ಕೆ ಹರಡುವುದುಂಟೆ? “ತಮ್ಮಾ, ನೋವೇ ಇಲ್ಲದ್ದನ್ನು ಯಾಕೆ ಕೆದಕುವುದು?” ಎಂದ. ಅತ್ತಿಗೆಗೂ ಅದೇ ಭಯ, ಕತ್ತಿಯ ಭಯ. ಮೂರು ವಾರ ಹೇಳಿ ಹೇಳಿ, ಕೊನೆಗೆ ಬಸ್ಸಿನಲ್ಲಿ ಕಾರವಾರಕ್ಕೆ ಕರೆದೊಯ್ದೆ. ಅಮದಳ್ಳಿ ದಾಟುವವರೆಗೂ ಅವನು ಮಾತಾಡಲಿಲ್ಲ.

ಪೆನ್ಸಿಲಿನ ತುದಿಯಷ್ಟು ಅಗಲದ ದುಂಡನೆಯ ಬ್ಲೇಡಿನಿಂದ ಕಲೆಯ ಅತಿ ಕಪ್ಪಾದ ಜಾಗದ ಒಂದು ಚೂರನ್ನು ತೆಗೆದು ಫಾರ್ಮಲಿನ್ ಶೀಶೆಗೆ ಹಾಕಿದರು. ಇದಕ್ಕೇ ಬಯಾಪ್ಸಿ ಎನ್ನುವುದು. ಇದರಿಂದ ರೋಗ ಹರಡುವುದಿಲ್ಲ. ಕತ್ತಿ ತಾಗುವ ಮೊದಲೇ ಒಳಗೆ ಏನಿದೆಯೋ ಅದನ್ನು ಹೇಳುತ್ತದೆ, ಅಷ್ಟೆ. ವರದಿಯಲ್ಲಿ ಮೆಲನೋಮಾ ಎಂದಿತ್ತು. ಬಿಳಿಯರಲ್ಲಿ ಬಿಸಿಲು ಬಿದ್ದ ಮೈಮೇಲೆ ಹೆಚ್ಚಾಗಿ ಕಾಣುವ ಈ ಕ್ಯಾನ್ಸರು ನಮ್ಮಂಥ ಕಂದುಮೈಯವರಲ್ಲಿ ಅಪರೂಪ. ಬಂದರೆ ಅಂಗಾಲು, ಅಂಗೈ, ಉಗುರಿನ ಬುಡವನ್ನೇ ಹೆಚ್ಚಾಗಿ ಹುಡುಕಿಕೊಂಡು ಬರುತ್ತದೆ. ಯಾರೂ ನೋಡದ ಜಾಗ. ಪುಣ್ಯಕ್ಕೆ ಅದಿನ್ನೂ ಮೇಲಿನ ಪದರದಲ್ಲೇ ಇತ್ತು, ನಾನು ಬರೆಸುತ್ತಿದ್ದ ಆ ಚಿತ್ರದ ಮೊದಲ ಗೆರೆಯೊಳಗೆ.

ದೊಡ್ಡ ಶಸ್ತ್ರಕ್ರಿಯೆ ಮಣಿಪಾಲದಲ್ಲಾಯಿತು. ಕಲೆಯ ಸುತ್ತ ಒಳ್ಳೆಯ ಚರ್ಮದ ಅಂಚನ್ನೂ ಸೇರಿಸಿ ಕತ್ತರಿಸಿ, ತೊಡೆಯಿಂದ ಚರ್ಮ ತೆಗೆದು ಆ ಜಾಗಕ್ಕೆ ಹೊದಿಸಿದರು. ಮಂಚದ ಪಕ್ಕ ಕುಳಿತು ಅವನಿಗೆ ಕಾವಸಜಿಯ ಕಥೆ ಹೇಳಿದೆ. ಟಿಪ್ಪುವಿನೊಡನೆ 1792ರ ಯುದ್ಧದಲ್ಲಿ ಇಂಗ್ಲಿಷರ ಪಡೆಯ ಈ ಗಾಡಿಯೆತ್ತಿನವನು ಸೆರೆಸಿಕ್ಕು ಮೂಗು ಕಳೆದುಕೊಂಡ. ನಮ್ಮ ದೇಶದ ವೈದ್ಯನೊಬ್ಬ ಅವನ ಹಣೆಯ ಚರ್ಮವನ್ನು ಕೆಳಕ್ಕೆ ತಿರುಗಿಸಿ ಹೊಸ ಮೂಗು ಮಾಡಿದ. 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಆ ಸುದ್ದಿ ಅಚ್ಚಾಯಿತು; ಅಲ್ಲಿನ ಕಾರ್ಪ್ಯೂ ಎಂಬ ವೈದ್ಯ 1814ರಲ್ಲಿ ಅದೇ ಕ್ರಮ ಅನುಸರಿಸಿದ. ಅಣ್ಣ ಕಥೆಯನ್ನೆಲ್ಲ ಕೇಳಿ, “ಕೈ ಕೊಟ್ಟವನು ನಮ್ಮವನೋ, ಹಾಗಾದರೆ ಸರಿ” ಎಂದು ಮಗ್ಗುಲಾದ.

ಮೂರು ವಾರ ಕಾಲೂರಲಿಲ್ಲ. ಈಗ ನಡೆಯುತ್ತಾನೆ, ಮೆತ್ತನೆಯ ಚಪ್ಪಲಿ ಬೇಕು. ಹೇಳಿದ ದಿನಕ್ಕೆ ತಪ್ಪದೆ ತಪಾಸಣೆಗೆ ಹೋಗುತ್ತಾನೆ. ಬಂಡಿಹಬ್ಬಕ್ಕೆ ಬಂದ ನೆಂಟರನ್ನೆಲ್ಲ ಜಗಲಿಯ ಮೇಲೆ ಕೂರಿಸಿ, ಕಾಲು ತೊಳೆಯಲು ನೀರು ಕೊಡುವ ನೆಪದಲ್ಲಿ ಒಬ್ಬೊಬ್ಬರ ಅಂಗಾಲನ್ನೂ ಬಗ್ಗಿ ನೋಡುತ್ತಿದ್ದ. ಅತ್ತಿಗೆಗೆ ನಾಚಿಕೆಯೋ ನಾಚಿಕೆ.