ಹೊಸ್ತಿಲು

ಚಿತವನ, ನೇಪಾಳ

ಪ್ರೀತಿಯ ಅಕ್ಕಾ,

ನಿನ್ನ ಕಾಗದ ಬಂತು. ಒಂಬತ್ತನೇ ಕ್ಲಾಸಿನ ಹುಡುಗನನ್ನು ಎಲ್ಲರೆದುರು 'ಅಯೋಗ್ಯ' ಅಂತ ಬೈದೆ, ಮಾರನೇ ದಿನದಿಂದ ಅವನು ಶಾಲೆ ಕಡೆ ಸುಳಿದಿಲ್ಲ ಅಂತ ಬರೆದಿದ್ದೀಯ. ನೇಪಾಳಿಯಲ್ಲೂ ಆ ಪದ ಅಯೋಗ್ಯವೇ ಕಣೇ. ಸಂಸ್ಕೃತದಿಂದ ನಾವೂ ಇವರೂ ಸಾಲ ತಂದದ್ದು.

ಇಲ್ಲಿ ಆ ಪದಕ್ಕೊಂದು ಕಥೆ ಇದೆ. ಹತ್ತು ವರ್ಷದ ಮಾವೋವಾದಿ ಯುದ್ಧ 2006ರಲ್ಲಿ ನಿಂತಿತು. ಬಂದೂಕು ಹಿಡಿದವರನ್ನು ಶಿಬಿರಗಳಲ್ಲಿ ಕೂರಿಸಿ ವಿಶ್ವಸಂಸ್ಥೆಯವರು ಒಬ್ಬೊಬ್ಬರನ್ನೇ ವಿಚಾರಿಸಿದರು. 4,008 ಮಂದಿಯನ್ನು ಪಟ್ಟಿಯಿಂದ ಹೊರಗಿಟ್ಟರು. ಅದರಲ್ಲಿ 2,973 ಮಂದಿ ಕದನ ನಿಂತಾಗ ಹದಿನೆಂಟು ತುಂಬದ ಮಕ್ಕಳು. ಅವರು ಶಿಬಿರ ಬಿಟ್ಟದ್ದು 2010ರಲ್ಲಿ. ಊರಿಗೆ ಹೊತ್ತುಕೊಂಡು ಹೋದ ಹೆಸರು 'ಅಯೋಗ್ಯ ಲಡಾಕು', ಅಂದರೆ ಅಯೋಗ್ಯ ಹೋರಾಟಗಾರ. ಮುಂದೆ ದೊಡ್ಡವರಲ್ಲಿ ಸ್ವಯಂನಿವೃತ್ತಿ ಕೇಳಿದವರಿಗೆ ಐದರಿಂದ ಎಂಟು ಲಕ್ಷ ನೇಪಾಳಿ ರೂಪಾಯಿ ಸಿಕ್ಕಿತು. ಇವರಿಗೆ ಹೊಲಿಗೆ, ಸಣ್ಣ ಅಂಗಡಿ, ಓದು ಅಂತ ತರಬೇತಿಯ ಆಯ್ಕೆ ಕೊಟ್ಟರು, ಅಷ್ಟೇ.

ನನ್ನ ರವಿಕೆ ಹೊಲಿಯುವವಳು ಅವರಲ್ಲೊಬ್ಬಳು. ಹದಿನಾಲ್ಕಕ್ಕೇ ಮದುವೆ ಮಾಡಿಬಿಡ್ತಾರೆ ಅಂತ ಹೆದರಿ ಓಡಿಹೋಗಿ ಮಾವೋವಾದಿ ದಳ ಸೇರಿದ್ದಳಂತೆ. ಎಲ್ಲರೂ ಎಳೆದೊಯ್ದ ಮಕ್ಕಳೇ ಅಂದುಕೊಂಡಿದ್ದೆ ನಾನು. ಬಿಟ್ಟು ಓಡಿದ ಮನೆಗೇ 'ಮರಳಿ ಸೇರಿಸುವುದು' ಅಂದರೆ ಏನು ಹೇಳು? ಅವಳು ವಾಪಸಾದ ದಿನ ಅತ್ತಿಗೆ ಅಡುಗೆಮನೆ ಹೊಸ್ತಿಲಲ್ಲೇ ತಡೆದಳಂತೆ: "ಯಾರ್ಯಾರ ಕೈಯ ಅನ್ನ ತಿಂದಿದ್ದೀಯೋ!" ಇದನ್ನು ಹೇಳುವಾಗಲೂ ಅವಳು ತಲೆ ಎತ್ತಲಿಲ್ಲ, ದಾರವನ್ನು ಹಲ್ಲಲ್ಲಿ ಕಡಿದು ಇನ್ನೊಂದು ಗುಂಡಿ ಕೈಗೆತ್ತಿಕೊಂಡಳು.

2008ರಲ್ಲಿ ಇಲ್ಲಿನ ಇಂಥ ಮಕ್ಕಳ ಬಗ್ಗೆ ಒಂದು ಅಧ್ಯಯನ ಬಂದಿತ್ತು. ದಳದಲ್ಲಿದ್ದ 141 ಮಕ್ಕಳನ್ನೂ ಎಂದೂ ಸೇರದ 141 ಮಕ್ಕಳನ್ನೂ ಹೋಲಿಸಿದ್ದರು. ಕಂಡ ಹಿಂಸೆಯನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ಖಿನ್ನತೆ ದಳದ ಮಕ್ಕಳಲ್ಲೇ ಹೆಚ್ಚು. ಆ ಹೆಚ್ಚಿನ ಪಾಲು ಎಲ್ಲಿಂದ ಬಂತು? ನನ್ನ ಕೇಳಿದರೆ, ಹೊಸ್ತಿಲಿಂದ.

ಅವಳು ಸುಧಾರಿಸಿಕೊಂಡದ್ದು ಹೊಲಿಗೆ ಮೆಷಿನ್‌ನಿಂದ ಅಂತ ನಾನು ಊಹಿಸಿದ್ದೆ. ನಕ್ಕಳು. ಊರಿನ ಆಮಾ ಸಮೂಹ, ನಮ್ಮ ಸ್ತ್ರೀಶಕ್ತಿ ಸಂಘದ ಹಾಗೆ, ಲೆಕ್ಕ ಬರೆಯುವವರಿಲ್ಲದೆ ಇವಳನ್ನು ಕರೆಯಿತಂತೆ. ಶಿಬಿರದಲ್ಲಿ ಕಲಿತ ಕೂಡುವ-ಕಳೆಯುವ ಲೆಕ್ಕ ಇತ್ತಲ್ಲ. ದುಡ್ಡಿನ ಪೆಟ್ಟಿಗೆಯ ಬೀಗದಕೈ ಇವಳ ಸೊಂಟಕ್ಕೆ ಬಂತು. ಮೊದಲ ವರ್ಷವೇ ಅತ್ತಿಗೆಗೆ ಸಾಲ ಬೇಕಾಯಿತು. ಅವತ್ತು ಅಡುಗೆಮನೆಯೊಳಗೇ ಮಣೆ ಹಾಕಿ ಊಟಕ್ಕೆ ಕೂರಿಸಿದಳಂತೆ!

ನಿನ್ನ ಹುಡುಗ ಯುದ್ಧಕ್ಕೇನೂ ಹೋದವನಲ್ಲ, ಗೊತ್ತು. ಆದರೂ ಅವನ ಮನೆಗೆ ಜವಾನನನ್ನು ಕಳಿಸಬೇಡ. ಶನಿವಾರ ಅರ್ಧ ದಿನ ತಾನೆ, ನೀನೇ ಹೋಗು. ಟೀ ಕೊಟ್ಟರೆ ಬೇಡ ಅನ್ನದೆ ಕುಡಿದು ಬಾ.

ನಿನ್ನ ತಂಗಿ