ಏಕವಾರ್ಷಿಕ ಯೋಜನೆ

1951ರಲ್ಲಿ ಶುರುವಾದ ನಮ್ಮ ದೇಶದ ಪಂಚವಾರ್ಷಿಕ ಯೋಜನೆಗಳು ಹನ್ನೆರಡರವರೆಗೆ ಬಂದು 2017ರಲ್ಲಿ ಮುಗಿದುಹೋದವು. ಯೋಜನಾ ಆಯೋಗವಂತೂ ಅದಕ್ಕೂ ಮೊದಲೇ ಹೋಗಿ, 2015ರಲ್ಲಿ ಅದರ ಜಾಗಕ್ಕೆ ನೀತಿ ಆಯೋಗ ಬಂತು. ಆದರೆ ಯೋಜನೆ ಹಾಕುವ ಚಪಲ ಅಷ್ಟು ಸುಲಭವಾಗಿ ಹೋಗುವಂಥದೇ? ನಾಲ್ಕು ಜನ ಸೇರಿದಲ್ಲಿ ಒಂದು ಸಮಿತಿ, ಸಮಿತಿ ಇದ್ದಲ್ಲಿ ಒಂದು ಯೋಜನೆ, ಯೋಜನೆ ಇದ್ದಲ್ಲಿ ಚಹಾ ಮತ್ತು ಬಿಸ್ಕೀಟು. ನಮ್ಮ ಕನ್ನಡ ಸಂಘವನ್ನೇ ನೋಡಿ. ಜುಲೈಯಲ್ಲಿ ಕೂತು ನಾಟಕ, ಚರ್ಚಾಸ್ಪರ್ಧೆ, ಪ್ರವಾಸ, ಕವಿಗೋಷ್ಠಿ ಎಂದು ಎರಡು ಹಾಳೆ ತುಂಬ ಬರೆಯುತ್ತೇವೆ. ನವೆಂಬರ್ ಒಂದನೇ ತಾರೀಖು ತಾನಾಗಿಯೇ ಬರುವುದರಿಂದ ರಾಜ್ಯೋತ್ಸವವೊಂದು ಹೇಗೋ ನಡೆದುಹೋಗುತ್ತದೆ. ಉಳಿದದ್ದು ಮುಂದಿನ ಜುಲೈಗೆ.

ಇಂಥ ಅನುಭವ ಇರುವವನೆಂದೇ ಏನೋ, ಪುಣೆಯ ನಮ್ಮ ಕಾಲೊನಿಯ ಟೆನ್ನಿಸ್ ಕ್ಲಬ್ಬಿನ ಮುಂದಿನ ವರ್ಷದ ಯೋಜನೆಯನ್ನು ಬರೆದು ತರುವ ಕೆಲಸ ನನ್ನ ಪಾಲಿಗೆ ಬಂತು. ಸಮಿತಿಯಲ್ಲಿ ನಾನೊಬ್ಬನೇ ಹುಡುಗ. ಮಿಕ್ಕವರೆಲ್ಲ ನಿವೃತ್ತರು, ಇಲ್ಲವೆ ನಿವೃತ್ತಿಯ ಹೊಸ್ತಿಲಲ್ಲಿ ಇರುವವರು. "ಇವನು ಕಾಲೇಜಿನವ, ಇವನಿಗೆ ಬೇಕಾದಷ್ಟು ಟೈಮ್ ಇರ್ತದೆ" ಎಂದು ಅಧ್ಯಕ್ಷರು ಮರಾಠಿಯಲ್ಲಿ ಅಪ್ಪಣೆ ಕೊಡಿಸಿದರು. ಕಾಲೇಜಿನವರಿಗೆ ಟೈಮ್ ಇರುತ್ತದೆ ಎಂಬ ನಂಬಿಕೆ ಎಲ್ಲ ಭಾಷೆಗಳಲ್ಲಿಯೂ ಒಂದೇ.

ಕ್ಲಬ್ ಎಂದೊಡನೆ ಹುಲ್ಲುಹಾಸು, ಬೆತ್ತದ ಕುರ್ಚಿ, ಬಿಳಿ ಪ್ಯಾಂಟು ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ನಮ್ಮದು ಒಂದೇ ಒಂದು ಮಣ್ಣಿನ ಕೋರ್ಟು, ಒಂದು ತಗಡಿನ ಶೆಡ್ಡು, ಒಂದು ನಲ್ಲಿ ಮತ್ತು ಒಂದು ಕಬ್ಬಿಣದ ರೋಲರು. ಸದಸ್ಯರು ನಲವತ್ತಾರು. ಕೋರ್ಟಿನ ಅಳತೆಯನ್ನು ಮಾತ್ರ ಯಾರೂ ಕಡಿಮೆ ಮಾಡುವ ಹಾಗಿಲ್ಲ. ವಿಂಬಲ್ಡನ್ನಿನಲ್ಲಿ ಇರುವಂತೆ ಇಲ್ಲಿಯೂ ಉದ್ದ 78 ಅಡಿ, ಡಬಲ್ಸಿಗೆ ಅಗಲ 36 ಅಡಿ, ನಡುವೆ ಬಲೆಯ ಎತ್ತರ 3 ಅಡಿ. ಬಲೆಯ ಎತ್ತರ ಅಳೆಯಲು ನಮ್ಮಲ್ಲಿ ಟೇಪು ಇಲ್ಲ. ಒಂದು ಹಳೆಯ ಮರದ ರಾಕೆಟ್ಟನ್ನು ನಿಲ್ಲಿಸಿ, ಅದರ ಮೇಲೆ ಇನ್ನೊಂದರ ತಲೆಯನ್ನು ಅಡ್ಡ ಇಡುತ್ತೇವೆ. ಇಪ್ಪತ್ತೇಳು ಇಂಚು, ಒಂಬತ್ತು ಇಂಚು, ಒಟ್ಟು ಮೂವತ್ತಾರು. ಲೆಕ್ಕ ಸರಿಹೋಯಿತಲ್ಲ!

ಪುಣೆಯವರಿಗೆ ಟೆನ್ನಿಸ್ ಹೊಸದಲ್ಲ. ಚೆನ್ನೈಯಲ್ಲಿ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ನಡೆದ ಎಟಿಪಿ ಪಂದ್ಯಾವಳಿ 2018ರಲ್ಲಿ ಇಲ್ಲಿನ ಬಾಲೆವಾಡಿಗೆ ಬಂದು 2023ರವರೆಗೆ ನಡೆಯಿತು. 2022ರಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ ಚೆನ್ನೈಯ ರಾಮ್‌ಕುಮಾರ್ ಜೊತೆಗೂಡಿ ಇಲ್ಲಿಯೇ ಡಬಲ್ಸ್ ಗೆದ್ದರು. ಅವರೇ 2024ರಲ್ಲಿ, ನಲವತ್ತಮೂರನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ನಮ್ಮ ಕ್ಲಬ್ಬಿನ ಹಿರಿಯರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅರವತ್ತೆಂಟರ ಖಜಾಂಚಿಗಳು ಮರುದಿನ ಬೆಳಿಗ್ಗೆ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಬಂದು, "ನನಗೆ ಇನ್ನೂ ವಯಸ್ಸಿದೆ" ಎಂದರು. ಅವರು ಹೇಳಿದ್ದು ಎರಡು ಅರ್ಥದಲ್ಲಿಯೂ ನಿಜವೇ.

ಯೋಜನೆಗೆ ಕೂತೆ. ಮೊದಲು ಕ್ಯಾಲೆಂಡರು. ಲೆಕ್ಕದ ವರ್ಷ ಏಪ್ರಿಲಿನಿಂದ ಶುರು. ಏಪ್ರಿಲ್, ಮೇ ಮಕ್ಕಳ ರಜಾ ಶಿಬಿರ. ಆಗಲೇ ನೀರಿನ ತಾಪತ್ರಯ. ಖಡಕವಾಸಲಾ ಜಲಾಶಯ ಇಳಿದ ಹಾಗೆಲ್ಲ ಊರಿನ ನಲ್ಲಿಗಳು ಸಣ್ಣಗಾಗುತ್ತವೆ. ಮಣ್ಣಿನ ಕೋರ್ಟಿಗೋ ದಿನಾ ನೀರು ಬೇಕು, ಇಲ್ಲವಾದರೆ ಅದು ಧೂಳಾಗಿ ಎದುರು ಮನೆಯವರ ಒಣಹಾಕಿದ ಬಟ್ಟೆಯ ಮೇಲೆ ಹೋಗಿ ಕೂರುತ್ತದೆ. ಜೂನಿನಿಂದ ಸೆಪ್ಟೆಂಬರ್ ಮಳೆ, ಆಟ ಬಂದ್. ಅಕ್ಟೋಬರಿನಲ್ಲಿ ಕೋರ್ಟಿನ ಮೇಲ್ಮಣ್ಣನ್ನು ಹೊಸದಾಗಿ ಕಟ್ಟಬೇಕು. ದೀಪಾವಳಿಯಿಂದ ಫೆಬ್ರುವರಿಯವರೆಗೆ ನಿಜವಾದ ಆಟದ ಕಾಲ. ಜನವರಿ 26ಕ್ಕೆ ಅಂತರ್ ಸದಸ್ಯ ಪಂದ್ಯಾವಳಿ. ಮಾರ್ಚಿ ಪರೀಕ್ಷೆಗೆ ಮತ್ತು ವಾರ್ಷಿಕ ಸಭೆಯ ಜಗಳಕ್ಕೆ ಮೀಸಲು.

ಆಮೇಲೆ ವೇಳೆಯ ಹಂಚಿಕೆ. ಬೆಳಿಗ್ಗೆ ಮೂರು ಗಂಟೆ, ಸಂಜೆ ದೀಪದೊಂದಿಗೆ ನಾಲ್ಕು ಗಂಟೆ, ಡಬಲ್ಸ್ ಆಡಿದರೆ ಗಂಟೆಗೆ ನಾಲ್ಕು ಜನ. ದಿನಕ್ಕೆ ಇಪ್ಪತ್ತೆಂಟು ಜನರಿಗೆ ಒಂದೊಂದು ಗಂಟೆ ಸಿಗಬೇಕು. ಆದರೆ ಹಿರಿಯರಲ್ಲಿ ಕೆಲವರು ಆರಕ್ಕೆ ಬಂದವರು ಒಂಬತ್ತಕ್ಕೆ ಏಳುತ್ತಾರೆ. ಹೆಂಗಸರಿಗೂ ಮಕ್ಕಳಿಗೂ ಬಿಸಿಲು ಇಳಿಯದ ಐದು ಗಂಟೆ. ಇದಕ್ಕೆ ವಾರಕ್ಕೆ ಎರಡು ಬೆಳಗನ್ನು ಹೊಸಬರಿಗೆ ಬಿಡಬೇಕೆಂದು ಬರೆದೆ. ಅದು ಹೆಚ್ಚು ಗಲಾಟೆ ಇಲ್ಲದೆ ಪಾಸಾಯಿತು.

ಗಲಾಟೆಯಾದದ್ದು ದುಡ್ಡಿನ ಹಾಳೆಯ ಮೇಲೆ. ಓದುಗರು ಕ್ಷಮಿಸಬೇಕು, ಲಲಿತ ಪ್ರಬಂಧದಲ್ಲಿ ಲೆಕ್ಕ ಬರಬಾರದು ಎಂದು ಬಲ್ಲೆ. ಆದರೆ ಈ ಸಂಗತಿಯೆಲ್ಲ ಲೆಕ್ಕದಲ್ಲೇ ಇದೆ.

ಸದಸ್ಯತ್ವದ ಚಂದಾ ತಿಂಗಳಿಗೆ 400 ರೂಪಾಯಿ. ಮಳೆಗಾಲದ ನಾಲ್ಕು ತಿಂಗಳು ಆಟವಿಲ್ಲವೆಂದು ಅರ್ಧ ಚಂದಾ ಕೊಡುವ ವಾಡಿಕೆ. ವರ್ಷದ ಒಟ್ಟು ವರಮಾನ 1,84,000. ಖರ್ಚು ನೋಡಿ. ಮಾರ್ಕರ್ ಸಂಬಳ ತಿಂಗಳಿಗೆ 12,000ದಂತೆ 1,44,000. ಚೆಂಡುಗಳಿಗೆ 36,000. ಅಕ್ಟೋಬರಿನ ಮಣ್ಣು, ಸುಣ್ಣ, ಕೂಲಿ, ಬಲೆಯ ರಿಪೇರಿ 22,000. ಕರೆಂಟು, ನೀರು 18,000. ಒಟ್ಟು 2,20,000. ಮೂವತ್ತಾರು ಸಾವಿರ ಖೋತಾ. ಈವರೆಗೆ ಇದನ್ನು ಹಳೆಯ ಠೇವಣಿಯಿಂದ ತುಂಬುತ್ತಿದ್ದರು. ಠೇವಣಿ ಈ ವರ್ಷಕ್ಕೆ ಮುಗಿಯಿತು.

ಚೆಂಡಿನ ಖರ್ಚು ಇಳಿಸಲು ಸಾಧ್ಯವೇ ಎಂದು ನೋಡಿದೆ. ಟೆನ್ನಿಸ್ ಚೆಂಡಿನ ಜೀವ ಅದರೊಳಗೆ ತುಂಬಿದ ಗಾಳಿಯ ಒತ್ತಡ. ಡಬ್ಬಿ ಒಡೆದ ಗಳಿಗೆಯಿಂದ, ಆಡಲಿ ಬಿಡಲಿ, ಅದು ಸೋರುತ್ತಲೇ ಇರುತ್ತದೆ. ನೂರು ಇಂಚು ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ ಒಳ್ಳೆಯ ಚೆಂಡು ಐವತ್ತಮೂರು ಇಂಚಿಗಿಂತ ಮೇಲೆ ಪುಟಿಯಬೇಕೆಂದು ನಿಯಮ. ನಮ್ಮ ಬುಟ್ಟಿಯಲ್ಲಿ ಇರುವವು ನೆಲಕ್ಕೆ ಬಿದ್ದು ಅಲ್ಲೇ ಯೋಚಿಸುತ್ತ ನಿಲ್ಲುತ್ತವೆ. ಇನ್ನು ಅಲ್ಲಿ ಇಳಿಸುವುದೇನು?

ಉಳಿದದ್ದು ಒಂದೇ ದೊಡ್ಡ ಅಂಕಿ. ಖಜಾಂಚಿಗಳು ಪೆನ್ಸಿಲಿನಿಂದ ಅದರ ಸುತ್ತ ಗೆರೆ ಎಳೆದು ಹೇಳಿದರು: "ಜೂನಿನಿಂದ ಸೆಪ್ಟೆಂಬರ್ ಆಟವೇ ಇಲ್ಲ. ಆಗ ಮಾರ್ಕರ್ ಏಕೆ? ನಾಲ್ಕು ತಿಂಗಳ ಸಂಬಳ ಬಿಟ್ಟರೆ ನಲವತ್ತೆಂಟು ಸಾವಿರ ಉಳೀತದೆ. ಖೋತಾ ಹೋಗಿ ಹನ್ನೆರಡು ಸಾವಿರ ಕೈಯಲ್ಲಿ. ಪಂದ್ಯಾವಳಿಗೆ ಒಳ್ಳೆ ಕಪ್ಪು ತರಬಹುದು." ಲೆಕ್ಕದಲ್ಲಿ ತಪ್ಪಿರಲಿಲ್ಲ. ಅವರ ಲೆಕ್ಕದಲ್ಲಿ ಎಂದೂ ತಪ್ಪಿರುವುದಿಲ್ಲ.

ಮಾರ್ಕರ್ ಎಂದರೆ ಯಾರು ಎಂದು ಟೆನ್ನಿಸ್ ಆಡದ ಗೆಳೆಯರಿಗೆ ಹೇಳಬೇಕು. ಕೋರ್ಟನ್ನು ನೋಡಿಕೊಳ್ಳುವವನು, ಗೆರೆ ಹಾಕುವವನು, ಜೊತೆ ಇಲ್ಲದೆ ಬಂದವರೊಡನೆ ಆಡುವವನು, ಮಕ್ಕಳಿಗೆ ಕಲಿಸುವವನು ಎಲ್ಲ ಒಬ್ಬನೇ. ಸಾಮಾನ್ಯವಾಗಿ ಚೆಂಡು ಹೆಕ್ಕುವ ಹುಡುಗನಾಗಿ ಬಂದು, ನೋಡಿ ನೋಡಿ ಕಲಿತು, ಸದಸ್ಯರಿಗಿಂತ ಚೆನ್ನಾಗಿ ಆಡುವಂತಾಗಿ, ಸದಸ್ಯನಾಗದೆಯೇ ಉಳಿದವನು. ನಮ್ಮ ಮಾರ್ಕರ್ ಕಲಬುರ್ಗಿ ಕಡೆಯವರು. ತಂದೆಯ ಜೊತೆ ಗಾರೆ ಕೆಲಸಕ್ಕೆಂದು ಪುಣೆಗೆ ಬಂದವರು, ಹತ್ತು ವರ್ಷದ ಹುಡುಗನಿದ್ದಾಗ ಯಾವುದೋ ಕೋರ್ಟಿನ ಬೇಲಿಯಾಚೆ ಬಿದ್ದ ಚೆಂಡನ್ನು ಎತ್ತಿ ಒಳಗೆ ಎಸೆದರಂತೆ. ಆವತ್ತಿನಿಂದ ಒಳಗೇ ಇದ್ದಾರೆ. ಸಮಿತಿಯವರೊಡನೆ ಮರಾಠಿ, ನನ್ನೊಡನೆ ಕನ್ನಡ. ನಾನು ಅವರಿಗೆ ಕಾಕಾ ಅನ್ನುತ್ತೇನೆ, ಅವರು ನನಗೆ ತಮ್ಮಾ ಅನ್ನುತ್ತಾರೆ.

ಸಭೆಗೆ ಮೊದಲು ಒಂದು ಸಂಜೆ ಅವರನ್ನು ಕೇಳಿದೆ, "ಕಾಕಾ, ಮಳೆಗಾಲದಲ್ಲಿ ನಿಮಗೆ ಕೆಲಸ ಏನಿರ್ತದೆ?"

ಅವರಿಗೆ ನಗು ಬಂತು. "ಆಟ ಬಂದ್ ಆಗ್ತದ ತಮ್ಮಾ, ಕೋರ್ಟ್ ಬಂದ್ ಆಗಂಗಿಲ್ಲ. ಹದಿನೈದು ದಿನ ಬಿಟ್ಟು ನೋಡು, ಹುಲ್ಲು ಮೊಣಕಾಲಿಗಿ ಬರ್ತದ. ನೀರು ಹೋಗೋ ಮೋರಿ ಒಂದ್ ದಿನ ಕಟ್ಟಿತಂದ್ರ ಮಣ್ಣೆಲ್ಲ ಒಂದೇ ಮೂಲ್ಯಾಗ ಹೋಗಿ ಕೂಡ್ತದ. ಆಮ್ಯಾಗ ಅಕ್ಟೋಬರ್‌ನಾಗ ನಿಮ್ಮ ಇಪ್ಪತ್ತೆರಡು ಸಾವಿರಕ್ಕ ಏನೂ ಆಗಂಗಿಲ್ಲ."

ಕೆಲಸಗಳನ್ನು ಅವರು ಹೇಳುತ್ತ ಹೋದರು, ನಾನು ಬರೆದುಕೊಂಡೆ. ಮೇ ಕೊನೆಯಲ್ಲಿ ಬಲೆ ಇಳಿಸಿ, ಒಣಗಿಸಿ, ಇಲಿ ಮುಟ್ಟದ ಹಾಗೆ ತೂಗುಹಾಕಬೇಕು. ಕಂಬದ ಗೂಟಗಳಿಗೆ ಎಣ್ಣೆ. ಅಂಗಳ ಒಂದು ಕಡೆಗೆ ಇಷ್ಟೇ ಇಷ್ಟು ಇಳಿಜಾರು ಇರುತ್ತದೆ, ನೀರು ಆ ಕಡೆಯ ಮೋರಿಗೆ ಹೋಗಬೇಕು. ಪ್ರತಿ ಜಡಿಮಳೆಯ ನಂತರ ಮೋರಿ ಬಿಡಿಸಬೇಕು, ಕೊರಕಲು ಬಿದ್ದಲ್ಲಿ ಮಣ್ಣು ತುಂಬಿ ಒತ್ತಬೇಕು. ಹುಲ್ಲನ್ನು ಬೇರು ಸಮೇತ ಕೈಯಿಂದ ಕೀಳಬೇಕು. ಕತ್ತರಿಸಿದರೆ ಅಕ್ಟೋಬರಿನಲ್ಲಿ ಮತ್ತೆ ಏಳುತ್ತದೆ. ಹಾವಸೆ ಕಟ್ಟಿದಲ್ಲಿ ಕೆರೆಯಬೇಕು. ಮಳೆ ಹೋದ ಮೇಲೆ ಮೇಲ್ಪದರ ಕೆದಕಿ, ಗರಸನ್ನು ಜರಡಿ ಹಿಡಿದು ಹರಡಿ, ನೀರು ಚಿಮುಕಿಸಿ, ಪೂರಾ ಒಣಗುವ ಮೊದಲು ರೋಲರು ಎಳೆಯಬೇಕು. ಹಸಿ ಹೆಚ್ಚಿದ್ದರೆ ಮಣ್ಣು ರೋಲರಿಗೆ ಮೆತ್ತಿಕೊಳ್ಳುತ್ತದೆ, ಒಣಗಿದ್ದರೆ ಕೂರುವುದಿಲ್ಲ. ಆ ನಡುವಿನ ಗಳಿಗೆ ಯಾವುದೆಂದು ಕೇಳಿದೆ. ಕಾಕಾ ಹೆಬ್ಬೆರಳನ್ನು ನೆಲಕ್ಕೆ ಒತ್ತಿ ತೋರಿಸಿದರು. ಅದನ್ನು ನಾನು ಯೋಜನೆಯಲ್ಲಿ ಹೇಗೆ ಬರೆಯಲಿ?

"ಸಂಬಳ ಇಲ್ಲಂದ್ರ ಏನ್ ಮಾಡ್ತೀರಿ?" ಎಂದು ಕೇಳಿಯೇ ಬಿಟ್ಟೆ. ಸುದ್ದಿ ಅವರ ಕಿವಿಗೆ ಆಗಲೇ ಬಿದ್ದಿತ್ತು.

"ಏನ್ ಮಾಡ್ಲಿ? ಊರಾಗ ಎರಡ್ ಎಕರೆ ತೊಗರಿ ಅದ, ಅಣ್ಣ ಮಾಡ್ತಾನ. ಬಿತ್ತಾಕ ಹೋಗ್ತೀನಿ. ಆದ್ರ ಹುಡುಗಿ ಇಲ್ಲೇ ಒಂಬತ್ತನೇತ್ತ ಓದ್ತಾಳ. ಶಾಲಿ ಜೂನ್‌ನಾಗೇ ಶುರು ಆಗ್ತದ. ಅಕಿನ್ನ ಕರ್ಕೊಂಡ್ ಹ್ಯಾಂಗ್ ಹೋಗ್ಲಿ, ಬಿಟ್ಟ್ ಹ್ಯಾಂಗ್ ಹೋಗ್ಲಿ?"

ಇಷ್ಟು ಹೇಳಿ ಅವರು ಗೋಣಿತಾಟು ಎಳೆಯಲು ಎದ್ದು ಹೋದರು. ಅಂಗಳದ ಮೇಲಿನ ನಮ್ಮ ಹೆಜ್ಜೆಗಳೆಲ್ಲ ಅಳಿಸುತ್ತ ಬಂದವು.

ಸಭೆಯಲ್ಲಿ ನಾನು ಭಾಷಣ ಮಾಡಲಿಲ್ಲ. ನಮ್ಮ ಚರ್ಚಾಸ್ಪರ್ಧೆಗಳಲ್ಲಿ ಮಾಡುವ ಹಾಗೆ ಕೈ ಎತ್ತಿ "ಮಾನ್ಯ ಅಧ್ಯಕ್ಷರೇ" ಎಂದಿದ್ದರೆ ಎಲ್ಲರೂ ನಕ್ಕು ಮುಂದಿನ ವಿಷಯಕ್ಕೆ ಹೋಗುತ್ತಿದ್ದರು. ಎರಡು ಹಾಳೆ ಓದಿದೆ. ಒಂದರಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ವಾರವಾರದ ಕೆಲಸಗಳ ಪಟ್ಟಿ. ಇನ್ನೊಂದರಲ್ಲಿ ಒಂದೇ ಲೆಕ್ಕ: ನಲವತ್ತಾರು ಸದಸ್ಯರು ಹನ್ನೆರಡು ತಿಂಗಳೂ 400 ರೂಪಾಯಿ ಕೊಟ್ಟರೆ 2,20,800. ಖರ್ಚು ಹೋಗಿ ಎಂಟುನೂರು ರೂಪಾಯಿ ಉಳಿಕೆ. ಸದಸ್ಯನೊಬ್ಬನಿಗೆ ಇಡೀ ವರ್ಷದಲ್ಲಿ ಹೆಚ್ಚಾಗುವ ಭಾರ ಎಂಟುನೂರೇ ರೂಪಾಯಿ.

"ಆಡದ ಆಟಕ್ಕೆ ದುಡ್ಡೇ?" ಎಂದರು ಒಬ್ಬರು. "ನಮ್ಮ ಆಫೀಸಿನಲ್ಲಿ ಕೆಲಸ ಮಾಡದ ದಿನಕ್ಕೂ ಸಂಬಳ ಬರ್ತಿತ್ತು" ಎಂದರು ಇನ್ನೊಬ್ಬರು. ಅವರು ಯಾರ ಪರ ಎಂದು ಈಗಲೂ ತಿಳಿಯದು. "ಎಂಟುನೂರು ಉಳಿಕೆ ಅಂದರೆ ಒಂದು ಬಲೆ ಹರಿದರೆ ಮುಗೀತು" ಎಂದು ಖಜಾಂಚಿಗಳು ಎಚ್ಚರಿಸಿದರು. ಅದೂ ನಿಜವೇ ಆಗಿತ್ತು. ಆಗ ಅಧ್ಯಕ್ಷರು ಕೆಲಸದ ಪಟ್ಟಿಯನ್ನು ಕೈಗೆ ತೆಗೆದುಕೊಂಡು ನಿಧಾನವಾಗಿ ಓದಿ, "ಇದರಲ್ಲಿ ಹುಲ್ಲು ಕೀಳುವುದನ್ನು ನಾನು ಮಾಡಬಲ್ಲೆ, ಉಳಿದದ್ದು ಇಲ್ಲಿ ಯಾರಿಗೆ ಬರ್ತದೆ?" ಎಂದು ಕೇಳಿದರು. ಯಾರೂ ಕೈ ಎತ್ತಲಿಲ್ಲ. ಪೂರ್ತಿ ಚಂದಾ ಪ್ರಸ್ತಾವಕ್ಕೆ ಕೈ ಎತ್ತುವಾಗ ಆರು ಪರ, ಮೂರು ವಿರುದ್ಧ.

ಮೂವರು ಸದಸ್ಯರು ಮಳೆಗಾಲಕ್ಕೆ ಹೆಸರು ತೆಗೆಸಿ ನವೆಂಬರಿಗೆ ಮತ್ತೆ ಸೇರುವುದಾಗಿ ಹೇಳಿದ್ದಾರೆ. ಹಾಗಾದರೆ ನನ್ನ ಎಂಟುನೂರೂ ಹೋಗಿ ಮತ್ತೆ ಖೋತಾ. ಅದಕ್ಕೆಂದು ಜನವರಿಯ ಕಪ್ಪುಗಳನ್ನು ಯೋಜನೆಯಿಂದ ತೆಗೆದಿದ್ದೇವೆ. ಗೆದ್ದವರಿಗೆ ಹೊಸ ಚೆಂಡಿನ ಒಂದು ಡಬ್ಬಿ ಕೊಡುವುದೆಂದು ನಿಶ್ಚಯವಾಗಿದೆ. ಅದನ್ನು ಅವರು ಅಲ್ಲಿಯೇ ಒಡೆಯಬೇಕು, ಎಲ್ಲರೂ ಆಡಬೇಕು ಎಂದು ಖಜಾಂಚಿಗಳು ತಮ್ಮ ಕೈಯಿಂದಲೇ ಒಂದು ಷರತ್ತು ಸೇರಿಸಿದರು.

ಗೆಳೆಯರೇ, ಜುಲೈಯಲ್ಲಿ ನಾವು ಮತ್ತೆ ಸಂಘದ ಯೋಜನೆಗೆ ಕೂರುತ್ತೇವೆ. ನಾಟಕಕ್ಕೆ ಪರದೆ, ಬಣ್ಣ, ಬಾಡಿಗೆ ಎಂದು ಬರೆಯುತ್ತೇವೆ. ಸಭಾಗೃಹದ ಬೀಗ ತೆಗೆದು, ಕುರ್ಚಿ ಹಾಕಿ, ನಾವೆಲ್ಲ ಹೋದ ಮೇಲೆ ರಾತ್ರಿ ಹನ್ನೊಂದಕ್ಕೆ ಮತ್ತೆ ಬೀಗ ಹಾಕುವ ಮನುಷ್ಯನ ಹೆಸರಿನಲ್ಲಿ ಆ ಹಾಳೆಯಲ್ಲಿ ಈವರೆಗೆ ಒಂದು ಸಾಲೂ ಇಲ್ಲ. ಈ ಸಲ ಲೆಕ್ಕದ ಹಾಳೆ ನಾನು ಬರೆಯುತ್ತೇನೆ. ಚಹಾ, ಬಿಸ್ಕೀಟಿನ ಮಟ್ಟಿಗೆ ಸ್ವಲ್ಪ ಕಡಿತವಾದರೆ ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.