ಕಾಲಂಗುಲಕ್ಕೊಂದು ಅಡಿ

ವಿಶ್ರಾಂತಿವೇತನಕ್ಕೆ ಅರ್ಹನಾದ ಮನುಷ್ಯನು ಭಗವದ್ಗೀತೆಯ ವ್ಯಾಖ್ಯಾನವನ್ನೋ, ಅದಿಲ್ಲವಾದರೆ ತಾರಸಿಯ ಮೇಲಣ ಗುಲಾಬಿಗಿಡಗಳನ್ನೋ ಆಶ್ರಯಿಸಿ ಕಾಲಯಾಪನೆ ಮಾಡುವುದು ಲೋಕಸಮ್ಮತವಾದ ಪದ್ಧತಿ; ಆಟದ ರೈಲನ್ನು ಆಶ್ರಯಿಸುವುದು ಅಲ್ಲ. ಆದುದರಿಂದ ನಮ್ಮ ಮನೆಯ ಹಿಂದಿನ ಕೋಣೆಗೆ ಎಂಟಡಿ ಉದ್ದ ನಾಲ್ಕಡಿ ಅಗಲದ ಪ್ಲೈವುಡ್ ಹಲಗೆಯೊಂದು ಬಂದು ನಾಲ್ಕು ಕಾಲುಗಳ ಮೇಲೆ ನಿಂತ ದಿನ, ಅದು ಮೊಮ್ಮಗನಿಗಾಗಿ ಎಂದು ನೆರೆಹೊರೆಯವರಿಗೆ ಹೇಳಿ ಮಾನವನ್ನು ಉಳಿಸಿಕೊಂಡೆನು. ಮೊಮ್ಮಗನಿಗೆ ಆಗ ಎಂಟು ತಿಂಗಳು.

ಇದಕ್ಕೆಲ್ಲ ಮೂಲ, ಅಮೆರಿಕದಲ್ಲಿ ನೆಲೆಸಿರುವ ನನ್ನ ತಂಗಿಯ ಮಗ ಒಂದು ಬೇಸಿಗೆಯಲ್ಲಿ ಬಂದವನು, “ಮಾವ, ನಿಮಗೆ ರೈಲು ಅಂದ್ರೆ ಆಸೆಯಲ್ಲವೆ” ಎಂದು ನನ್ನ ಕೈಗಿತ್ತ ಒಂದು ಪೆಟ್ಟಿಗೆ. ಅದರೊಳಗಿದ್ದ ಉಗಿಯಂತ್ರದ ಪ್ರತಿಕೃತಿಯನ್ನು ಕಂಡಾಗ ನನಗೆ ಮೊದಲು ಉಂಟಾದದ್ದು ಸಂತೋಷವಲ್ಲ, ಸಂದೇಹ. ಮೈ ಕೈತುಂಬ ಹಿಡಿಯುವಷ್ಟು ದೊಡ್ಡದು. ಅದು ಓಡಬೇಕಾದ ಹಳಿಯ ಅಗಲವಾದರೋ ಹದಿನಾರೂವರೆ ಮಿಲಿಮೀಟರು ಮಾತ್ರ. ಚಿಕ್ಕ ಪೀಠದ ಮೇಲೆ ದೊಡ್ಡ ಗಣಪತಿಯನ್ನು ಕೂರಿಸಿದಂತೆ ತೋರಿದ ಈ ವಿಗ್ರಹದಲ್ಲಿ ಶಿಲ್ಪಿಯ ಪ್ರಮಾದವೇನೋ ಇದೆಯೆಂದೇ ನಾನು ಭಾವಿಸಿದೆನು. ಪ್ರಮಾದವಲ್ಲ, ಅದೊಂದು ಸಿದ್ಧಾಂತ ಎಂಬುದು ತಿಳಿಯಲು ಒಂದು ವಾರ ಹಿಡಿಯಿತು.

ಮಾದರಿ ರೈಲಿನ ಲೋಕದಲ್ಲಿ ಅತ್ಯಂತ ಜನಪ್ರಿಯವಾದ ಪ್ರಮಾಣ 1:87. ಅಲ್ಲಿ ಈ 16.5 ಮಿಲಿಮೀಟರಿನ ಹಳಿ ನಾಲ್ಕಡಿ ಎಂಟೂವರೆ ಅಂಗುಲದ ನಿಜವಾದ ಹಳಿಗೆ ಪ್ರತಿನಿಧಿ. ಲೋಕದಲ್ಲೆಲ್ಲ ಲಕ್ಷೋಪಲಕ್ಷವಾಗಿ ತಯಾರಾಗುವುದರಿಂದ ಆ ಹಳಿ, ಆ ಗಾಲಿ, ಆ ಮೋಟಾರು ಎಲ್ಲವೂ ಅಗ್ಗ. ಅದೇ ಹಳಿಯ ಮೇಲೆ 1:48ರ ಪ್ರಮಾಣದಲ್ಲಿ, ಎಂದರೆ ಒಂದಡಿಗೆ ಕಾಲಂಗುಲದಂತೆ, ದೊಡ್ಡದಾದ ಒಡಲನ್ನು ಕಟ್ಟಿ ನಿಲ್ಲಿಸಿದರೆ, ಕೆಳಗಣ ಹಳಿ ತಾನಾಗಿಯೇ ಸುಮಾರು ಮೂವತ್ತು ಅಂಗುಲದ ನ್ಯಾರೋಗೇಜ್ ಹಳಿಯಾಗಿ ಮಾರ್ಪಡುತ್ತದೆ! ಹಳಿ ಇದ್ದಂತೆಯೇ ಇದೆ. ಅದರ ಮೇಲಿನ ಪ್ರಪಂಚ ಬೆಳೆದುದರಿಂದ ಅದು ಸಣ್ಣದಾಯಿತು. ಇದಕ್ಕೆ ‘ಓಎನ್30’ ಎಂದು ಹೆಸರು. 1998ರಲ್ಲಿ ಬ್ಯಾಚ್‌ಮನ್ ಸಂಸ್ಥೆ ಈ ಪ್ರಮಾಣದ ರೈಲನ್ನು ಮಾರಲು ತೊಡಗಿದ್ದು ಕ್ರಿಸ್‌ಮಸ್ ಹಬ್ಬಕ್ಕೆ ಪಿಂಗಾಣಿಯ ಪುಟ್ಟ ಊರುಗಳನ್ನು ಜೋಡಿಸುವವರಿಗಾಗಿ, ನಮ್ಮವರು ದಸರಾ ಗೊಂಬೆಯ ಮುಂದೆ ಕೀಲಿಕೊಟ್ಟು ಕಾರು ಓಡಿಸುವರಲ್ಲ, ಅಂತಹವರಿಗಾಗಿ. ಆದರೆ ಅದನ್ನು ಬಾಚಿಕೊಂಡವರು ಮಾತ್ರ ಹವ್ಯಾಸಿಗಳು.

ಇಲ್ಲಿಯೇ ಒಂದು ಸೋಜಿಗ. ಅಮೆರಿಕದ ನ್ಯಾರೋಗೇಜ್ ದಾರಿಗಳಲ್ಲಿ, ಕೊಲೊರಾಡೋ ಪರ್ವತಗಳಲ್ಲಿ ಬೆಳ್ಳಿಯ ಅದಿರನ್ನು ಹೊತ್ತ ಪ್ರಸಿದ್ಧ ಮಾರ್ಗಗಳೂ ಸೇರಿ, ಬಹುಪಾಲು ಮೂರಡಿಯವು. ಮೇಯ್ನ್ ಸಂಸ್ಥಾನದವು ಎರಡಡಿಯವು. ಮೂವತ್ತು ಅಂಗುಲದವು ಅಲ್ಲಿ ಅತಿ ವಿರಳ. ಆದುದರಿಂದ ಅಲ್ಲಿಯ ಮಡಿವಂತರು ಈ ಅಗ್ಗದ ಹಳಿಯನ್ನು ಮುಟ್ಟದೆ, ಮೂರಡಿಗೆ ಸಲ್ಲುವ ಹತ್ತೊಂಬತ್ತು ಮಿಲಿಮೀಟರಿನ ಹಳಿಯನ್ನು ದುಬಾರಿ ಬೆಲೆಗೆ ಕೊಳ್ಳುವರು. ಉಳಿದವರು ಎಂದೂ ಇಲ್ಲದಿದ್ದ ಒಂದು ಕಂಪನಿಯನ್ನೂ ಎಲ್ಲಿಯೂ ಇಲ್ಲದ ಒಂದು ಕಣಿವೆಯನ್ನೂ ಕಲ್ಪಿಸಿಕೊಂಡು ಆತ್ಮಸಾಕ್ಷಿಯನ್ನು ಸಮಾಧಾನಪಡಿಸುವರು. ಆದರೆ ಮೂವತ್ತು ಅಂಗುಲವೆಂದರೆ ಎರಡೂವರೆ ಅಡಿಯಲ್ಲವೆ? ನಮ್ಮ ದೇಶದಲ್ಲಿ ಕಾಲ್ಥ್ರೋಪ್ ಎಂಬ ಎಂಜಿನಿಯರು 1897ರಲ್ಲಿ ತೆರೆದ ಬಾರ್ಸಿಯ ರೈಲು ಎರಡೂವರೆ ಅಡಿಯದು. 1903ರಲ್ಲಿ ಶಿಮ್ಲಾವನ್ನು ಮುಟ್ಟಿದ ರೈಲು ಎರಡೂವರೆ ಅಡಿಯದು. ಅಷ್ಟು ದೂರವೇಕೆ, ಯಲಹಂಕದಿಂದ ಹೊರಟು ದೇವನಹಳ್ಳಿ, ನಂದಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರಗಳನ್ನು ಬಳಸಿ ಬಂಗಾರಪೇಟೆಯನ್ನು ಸೇರುತ್ತಿದ್ದ ನಮ್ಮ ಚಿಕ್ಕ ರೈಲು ಎರಡೂವರೆ ಅಡಿಯದು. ಅಮೆರಿಕದವರು ಅಗ್ಗದ ಹಳಿಗೆ ಹೊಂದುವಂತೆ ಹೆಣೆದ ಕಲ್ಪನೆ, ನಮ್ಮ ಸೀಮೆಯಲ್ಲಿ ಮುಕ್ಕಾಲು ಶತಮಾನ ಓಡಾಡಿದ ವಾಸ್ತವ! ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಿದೆನು: 762 ಮಿಲಿಮೀಟರನ್ನು 48ರಿಂದ ಭಾಗಿಸಿದರೆ ಹದಿನಾರಕ್ಕೆ ತುಸು ಕಡಿಮೆ; ಅಂತರ ಅರ್ಧ ಮಿಲಿಮೀಟರಿಗಿಂತ ಕೊಂಚ ಹೆಚ್ಚು. ಅಷ್ಟು ತಪ್ಪು ನನ್ನ ಸೇವಾಪುಸ್ತಕದಲ್ಲಿಯೂ ಇದ್ದಿತು.

ಹೀಗೆ ಸ್ಥಳನಿರ್ಣಯವಾಯಿತು: ನಂದಿ ನಿಲ್ದಾಣ. ಹಳೆಯ ಹಳಿ ಹೋಗಿ ಬ್ರಾಡ್‌ಗೇಜ್ ಬಂದು ವರ್ಷಗಳಾಗಿದ್ದರೂ, ಮಂಗಳೂರು ಹೆಂಚಿನ ಆ ಕಲ್ಲುಕಟ್ಟಡ ಅಲ್ಲಿಯೇ ನಿಂತಿರುವುದರಿಂದ, ಒಂದು ಭಾನುವಾರ ಟೇಪು ಹಿಡಿದು ಹೋಗಿ ಬಾಗಿಲು ಕಿಟಕಿಗಳನ್ನೆಲ್ಲ ಅಳೆದು ಬಂದೆನು. ಏಳಡಿಯ ಬಾಗಿಲು ನನ್ನ ಹಲಗೆಯ ಮೇಲೆ ಒಂದೂಮುಕ್ಕಾಲು ಅಂಗುಲ. ಐದೂವರೆ ಅಡಿಯ ಸ್ಟೇಷನ್ ಮಾಸ್ತರರು 35 ಮಿಲಿಮೀಟರು. 1:87ರ ಪ್ರಮಾಣದಲ್ಲಾದರೆ ಅವರು ಹತ್ತೊಂಬತ್ತು ಮಿಲಿಮೀಟರಿಗೆ ಕುಗ್ಗಿ, ಅವರ ಕೋಟಿನ ಗುಂಡಿಗೆ ಬಣ್ಣ ಹಚ್ಚುವುದಿರಲಿ, ಅವರಿಗೆ ಮೀಸೆ ಇದೆಯೆ ಎಂದು ನಿಶ್ಚಯಿಸುವುದೂ ನನ್ನ ಕನ್ನಡಕಕ್ಕೆ ಅಸಾಧ್ಯವಾಗುತ್ತಿದ್ದಿತು. ಪ್ರಮಾಣ ದೊಡ್ಡದು, ವಸ್ತು ಸಣ್ಣದು ಎಂಬ ಈ ಸಂಯೋಗದಲ್ಲಿ ವೃದ್ಧರಿಗೆ ಒಂದು ಅನುಗ್ರಹವಿದೆ: ಕಣ್ಣಿಗೂ ಬೆರಳಿಗೂ ಎಟುಕುತ್ತದೆ, ಕೋಣೆಯಲ್ಲಿಯೂ ಹಿಡಿಯುತ್ತದೆ. ಇನ್ನೂ ದೊಡ್ಡದು ಬೇಕೆನ್ನುವವರಿಗೆ ನ್ಯೂರೆಂಬರ್ಗಿನ ಲೇಮನ್ ಸಂಸ್ಥೆ 1968ರಲ್ಲಿ ಹೊರತಂದ ರೈಲು ಇದೆ. 45 ಮಿಲಿಮೀಟರಿನ ಹಳಿ, 1:22.5ರ ಪ್ರಮಾಣ, ಮೀಟರ್‌ಗೇಜಿಗೆ ಸರಿಸಾಟಿ, ಮಳೆಯಲ್ಲಿಯೂ ತೋಟದಲ್ಲಿ ಓಡುವಂಥದು. ನನಗಿರುವ ತೋಟ ಎರಡು ತುಳಸಿ ಕುಂಡ.

ಎಂಟಡಿಯ ಹಲಗೆ ಈ ಲೆಕ್ಕದಲ್ಲಿ 384 ಅಡಿಯ ಭೂಮಿ. ಅದರ ಎರಡು ತುದಿಗಳಲ್ಲಿ ಹದಿನೆಂಟು ಅಂಗುಲದ ತ್ರಿಜ್ಯದಲ್ಲಿ ಹಳಿಯನ್ನು ಬಾಗಿಸಿದೆನು. ನಿಜದಲ್ಲಿ ಅದು ಇಪ್ಪತ್ತೆರಡು ಮೀಟರು. ಶಿಮ್ಲಾ ಮಾರ್ಗದ ಅತಿ ಕಠಿಣವಾದ ತಿರುವಿಗೇ ಮೂವತ್ತೇಳೂವರೆ ಮೀಟರಿನ ತ್ರಿಜ್ಯವಿರುವಾಗ, ಬಯಲುಸೀಮೆಯ ನಂದಿಯಲ್ಲಿ ಇದು ಅನ್ಯಾಯವೇ ಸರಿ. ಆದರೆ ಕೋಣೆಯ ಗೋಡೆಗಳು ನ್ಯಾಯವನ್ನು ಕೇಳುವುದಿಲ್ಲ. ಬೆಟ್ಟದ ವಿಷಯವೂ ಹಾಗೆಯೇ. ಸಮುದ್ರಮಟ್ಟದಿಂದ 4,851 ಅಡಿಯ ನಂದಿಬೆಟ್ಟವನ್ನು ಕಾಲಂಗುಲದ ಲೆಕ್ಕದಲ್ಲಿ ಕಡೆಯಹೊರಟರೆ ನೂರು ಅಡಿಯನ್ನು ಮೀರುತ್ತದೆಯಾದ್ದರಿಂದ, ಅದನ್ನು ಗೋಡೆಯ ಮೇಲೆ ನೀಲಿಬಣ್ಣದಲ್ಲಿ ಬರೆದು ಕೈಮುಗಿದೆನು.

ಹಳಿಯ ಸ್ಲೀಪರುಗಳು ಮಾತ್ರ ಹೀಗೆ ಸುಲಭವಾಗಿ ಮಣಿಯಲಿಲ್ಲ. ಅಂಗಡಿಯ ಹಳಿಗೆ 1:87ರ ಸ್ಲೀಪರುಗಳಿರುತ್ತವೆ. ದೊಡ್ಡ ಬೋಗಿಯ ಕೆಳಗೆ ಅವು ಬೆಂಕಿಕಡ್ಡಿಯಂತೆ ಕಾಣುವುದರಿಂದ ಮೋಸವೆಲ್ಲ ಬಯಲಾಗುತ್ತದೆ. ಅವನ್ನೆಲ್ಲ ಕಿತ್ತು, ಬಡಗಿಯ ಅಂಗಡಿಯಿಂದ ತಂದ ತೇಗದ ಚೂರುಗಳನ್ನು ಒಂದೂಕಾಲು ಅಂಗುಲಕ್ಕೆ ಸೀಳಿ, ಹಲಗೆಗೆ ಅಂಟಿಸಿ, ಹಳಿಯನ್ನು ಸಣ್ಣ ಮೊಳೆಗಳಿಂದ ಬಿಗಿದೆನು. ನಾನೂರ ಹತ್ತು ಸ್ಲೀಪರುಗಳು. ಜಜ್ಜಿದ ಬೆರಳು ಮೂರು. ಅನಂತರ ಜಲ್ಲಿಯ ಪ್ರಶ್ನೆ. ಎರಡಂಗುಲದ ಜಲ್ಲಿ ಈ ಪ್ರಮಾಣದಲ್ಲಿ ಒಂದು ಮಿಲಿಮೀಟರಿಗೆ ತುಸು ಮೇಲೆ. ಅಷ್ಟೇ ಗಾತ್ರದ, ಅಷ್ಟೇ ಏಕರೂಪದ ವಸ್ತುವೊಂದು ಭಗವಂತನ ಸೃಷ್ಟಿಯಲ್ಲಿ ನಮ್ಮ ಅಡಿಗೆಮನೆಯ ಡಬ್ಬದಲ್ಲಿಯೇ ಇರುವುದು ಹೊಳೆದಾಗ ನನಗಾದ ಉಲ್ಲಾಸವನ್ನು ವರ್ಣಿಸಲಾರೆ. ರಾಗಿ! ಚಿಕ್ಕಬಳ್ಳಾಪುರದ ರೈಲಿಗೆ ರಾಗಿಯ ಜಲ್ಲಿಗಿಂತ ಉಚಿತವಾದದ್ದು ಯಾವುದು? ಎರಡು ಪಾವು ರಾಗಿಗೆ ಬೂದುಬಣ್ಣ ಕಲಸಿ, ಹಳಿಯ ನಡುವೆ ಸುರಿದು, ಅಂಟುನೀರು ಚಿಮುಕಿಸಿ ನೆಮ್ಮದಿಯಿಂದ ಮಲಗಿದೆನು. ನಾಲ್ಕನೆಯ ದಿನ ಬೆಳಗ್ಗೆ ನೋಡಿದರೆ ಹೊರವರ್ತುಲದ ಹಳಿಯುದ್ದಕ್ಕೂ ಒಂದು ಕಪ್ಪು ಮೆರವಣಿಗೆ. ಇರುವೆಗಳು ಜಲ್ಲಿಯನ್ನು ಒಂದೊಂದಾಗಿ ಕಿತ್ತು ಹೊತ್ತು ಕಿಟಕಿಯ ದಾರಿಯಾಗಿ ಸಾಗಿಸುತ್ತಿದ್ದುವು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು, “ನಿಮ್ಮ ರೈಲಿಗಿಂತ ಅವೇ ಹೆಚ್ಚು ಸರಕು ಸಾಗಿಸ್ತಿವೆ” ಎಂದಳು. ಈಗ ಅಲ್ಲಿರುವುದು ಜರಡಿ ಹಿಡಿದ ಕ್ರಷರಿನ ಕಲ್ಲುಪುಡಿ.

ಎಂಜಿನ್ನಿನ ಅಮೆರಿಕತನವನ್ನು ಕಳೆಯುವುದು ಮತ್ತೊಂದು ತಪಸ್ಸು. ಮುಂಭಾಗದ ದನದಡೆ, ಬೆನ್ನಮೇಲಣ ಘಂಟೆ, ಗಂಜಿಯ ಚಟ್ಟಿಯಂತಹ ದೀಪ, ಇವನ್ನೆಲ್ಲ ಗರಗಸದಿಂದ ಕೊಯ್ದು, ಚಿಮಣಿಯನ್ನು ಮೋಟು ಮಾಡಿ ಕಪ್ಪು ಬಳಿದಾಗ, ಅದು ಮೈಸೂರಿನದಾಗದೆ ಹೋದರೂ ಮೈಸೂರಿಗೆ ವರ್ಗವಾಗಿ ಬಂದು ಭಾಷೆ ಕಲಿಯುತ್ತಿರುವ ಅಧಿಕಾರಿಯಂತೆ ತೋರಿತು.

ಇಷ್ಟಾದ ಮೇಲೆ ಶಿಡ್ಲಘಟ್ಟದ ನನ್ನ ಸೋದರತ್ತೆಯವರು, ಎಂಬತ್ತನ್ನು ದಾಟಿದವರು, ಒಂದು ಮದುವೆಗೆಂದು ಬಂದು ನಮ್ಮಲ್ಲಿ ಎರಡು ದಿನ ಉಳಿದರು. ಬಾಲ್ಯದಿಂದಲೂ ಆ ರೈಲಿನಲ್ಲಿ ಓಡಾಡಿದವರು ಅವರು. ಕುರ್ಚಿಯಲ್ಲಿ ಕೂರಿಸಿ, ದೀಪ ಹಚ್ಚಿ, ರೈಲನ್ನು ನಡೆಸಿ ತೋರಿಸಿದೆನು. ಅದು ಎರಡು ಸುತ್ತು ಬರುವವರೆಗೂ ಸುಮ್ಮನೆ ನೋಡಿದರು.

“ಇಷ್ಟು ಜೋರಾಗಿ ಯಾವತ್ತೂ ಹೋಗ್ತಿರಲಿಲ್ಲಪ್ಪ” ಎಂದರು.

ವೇಗವನ್ನು ತಗ್ಗಿಸಿದೆನು. ಇನ್ನೂ ತಗ್ಗಿಸು ಎಂದು ಕೈಸನ್ನೆ ಮಾಡಿದರು. ಮೋಟಾರು ನಿಂತೇ ಹೋಗುವುದೋ ಎಂಬಲ್ಲಿಗೆ ಬಂದಾಗ, “ಹ್ಞೂ, ಹೀಗೆ” ಎಂದು ತಲೆಯಾಡಿಸಿ, ಬಗ್ಗಿ ಬೋಗಿಯ ಬಾಗಿಲನ್ನು ನೋಡಿ, “ಗೂಡಿನ ಬುಟ್ಟಿಗಳೆಲ್ಲಿ? ಸಂತೆಗೆ ಹೋಗೋರು ಬುಟ್ಟಿ ಇಟ್ಟು ಕಾಲಿಡೋಕೂ ಜಾಗ ಇರ್ತಿರಲಿಲ್ಲ. ಆ ವಾಸನೆ ಸೀರೆಗೆಲ್ಲ ಹತ್ಕೊಳ್ಳೋದು” ಎಂದರು.

ರೇಷ್ಮೆಗೂಡು ಸುಮಾರು ಮೂರು ಸೆಂಟಿಮೀಟರು. ನಲವತ್ತೆಂಟರಿಂದ ಭಾಗಿಸಿದರೆ ಒಂದು ಮಿಲಿಮೀಟರಿಗೂ ಕಡಿಮೆ. ಬಾಳೆನಾರಿನಿಂದ ಹೆಬ್ಬೆರಳ ಉಗುರಿನಷ್ಟು ಬುಟ್ಟಿಗಳನ್ನು ಹೆಣೆದು ಮುಗಿಸಿ, ನಿನ್ನೆ ಸಂಜೆ ಅಡಿಗೆಮನೆಗೆ ಹೋಗಿ ಗಸಗಸೆಯ ಡಬ್ಬ ಕೇಳಿದೆನು. ಪಾಯಸವೆಂದು ಭ್ರಮಿಸಿದ ಹೆಂಡತಿ ಸಂತೋಷದಿಂದಲೇ ಕೊಟ್ಟಳು. ಈ ಸಲ ಮೊದಲು ಎರಡು ಕೈ ವಾರ್ನಿಷ್ ಬಳಿದಿರುವೆನು.